ಮರೆಹೊಕ್ಕವರ ಪಕ್ಕದಲ್ಲಿ ನಿಲ್ಲುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ರಿಟನ್ನಿನಲ್ಲಿ ಆಶ್ರಯ ಕೋರಿ ಅರ್ಜಿ ಹಾಕಿಕೊಂಡವರು ಗಡೀಪಾರಿನ ಭಯವನ್ನೂ ಬರಿಗೈ ಬದುಕನ್ನೂ ಒಟ್ಟೊಟ್ಟಿಗೆ ಎದುರಿಸುತ್ತಿರುವ ಬಗ್ಗೆ ಈ ಅಂಕಣದಲ್ಲಿ ಕಳೆದ ಬಾರಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರಲ್ಲಿ ಹಲವರು ಅಲ್ಲಿಯೇ ನೆಲೆಸಿರುವ ಕನ್ನಡಿಗರು. ಅವರ ನೆರೆಹೊರೆಯವರ ಬದುಕು ಈ ಪ್ರಶ್ನೆಗಳಲ್ಲಿ ಹೆಣೆದುಕೊಂಡಿರುವುದರಿಂದ ಯಾರ ಹೆಸರನ್ನೂ ಪ್ರಕಟಿಸುತ್ತಿಲ್ಲ.

ಪ್ರಶ್ನೆ: ಸರ್ಕಾರವೇ ಮನೆ ಕೊಡುತ್ತದೆ, ವಾರ ವಾರ ಹಣವನ್ನೂ ಕೊಡುತ್ತದೆ ಎಂದು ಓದುತ್ತೇವೆ. ಹಾಗಿದ್ದ ಮೇಲೆ ಇವರು ಬಡತನದಲ್ಲಿದ್ದಾರೆ ಎನ್ನುವುದು ಹೇಗೆ? ದುಡಿದು ತಿನ್ನಲು ಏನು ಅಡ್ಡಿ?
— ನಿವೃತ್ತ ಅಧ್ಯಾಪಕರೊಬ್ಬರು

ಉತ್ತರ: ದುಡಿಯಲು ಅಡ್ಡಿಯಾಗಿರುವುದು ಅವರ ಮನಸ್ಸಲ್ಲ, ಕಾನೂನು. ಅರ್ಜಿ ಹಾಕಿ ಆರು ತಿಂಗಳು ಕಳೆದರೆ ಕೆಲಸಕ್ಕೆ ಅನುಮತಿ ಸಿಗುತ್ತಿದ್ದ ಪದ್ಧತಿಯನ್ನು 2002ರಲ್ಲಿ ನಿಲ್ಲಿಸಲಾಯಿತು. ಈಗಿರುವ ನಿಯಮದಂತೆ, ಅರ್ಜಿದಾರರ ತಪ್ಪಿಲ್ಲದೆಯೇ ತೀರ್ಮಾನ ಹನ್ನೆರಡು ತಿಂಗಳಿಗಿಂತ ಹೆಚ್ಚು ತಡವಾದರೆ ಮಾತ್ರ ಅನುಮತಿ ಕೇಳಬಹುದು. ಸಿಕ್ಕರೂ ಬಹುಕಾಲದಿಂದ ಅದು ಸರ್ಕಾರ ಗುರುತಿಸಿದ ಕೆಲವೇ ಉದ್ಯೋಗಗಳಿಗೆ ಸೀಮಿತ. ವೈದ್ಯರು, ಬಡಗಿಗಳು, ಶಿಕ್ಷಕರು ಹೀಗೆ ಕೈಕಟ್ಟಿ ಕುಳಿತಿರುತ್ತಾರೆ. ಈ ನಿಷೇಧವನ್ನು ತೆಗೆಯಬೇಕೆಂದು 2018ರಿಂದ ಹಲವು ಸಂಸ್ಥೆಗಳು ಒಟ್ಟುಗೂಡಿ ‘ಲಿಫ್ಟ್ ದ ಬ್ಯಾನ್’ ಎಂಬ ಪ್ರಚಾರಾಂದೋಲನ ನಡೆಸುತ್ತಿವೆ.

ಇನ್ನು ಹಣದ ಮಾತು. 1999ರ ವಲಸೆ ಮತ್ತು ಆಶ್ರಯ ಕಾಯಿದೆಯ 95ನೆಯ ಸೆಕ್ಷನ್ನಿನ ಅಡಿಯಲ್ಲಿ, ಸ್ವಂತ ಅಡುಗೆ ಮಾಡಿಕೊಳ್ಳುವ ಒಬ್ಬ ವ್ಯಕ್ತಿಗೆ 2024ರ ಜನವರಿಯಲ್ಲಿ ನಿಗದಿಯಾದ ಮೊತ್ತ ವಾರಕ್ಕೆ 49.18 ಪೌಂಡ್, ಅಂದರೆ ದಿನಕ್ಕೆ ಏಳು ಪೌಂಡ್ ಚಿಲ್ಲರೆ. ಊಟ, ಬಟ್ಟೆ, ಬಸ್ಸು, ಫೋನು ಎಲ್ಲವೂ ಅದರಲ್ಲೇ ಆಗಬೇಕು. ಊಟ ಕೊಡುವ ಹೋಟೆಲಿನಲ್ಲಿ ಇರಿಸಿದವರಿಗೆ ವಾರಕ್ಕೆ ಹತ್ತು ಪೌಂಡ್ ಕೂಡ ಇಲ್ಲ. ಇದೂ ತಾನಾಗಿ ಬಂದದ್ದಲ್ಲ. ಬೆಲೆಯೇರಿಕೆಯ ನಡುವೆಯೂ 40.85 ಪೌಂಡಿನಲ್ಲೇ ನಿಂತಿದ್ದ ಮೊತ್ತವನ್ನು ಏರಿಸಬೇಕಾಗಿ ಬಂದದ್ದು, ಆಶ್ರಯಾರ್ಥಿಯೊಬ್ಬರು ಹೈಕೋರ್ಟಿನ ಮೆಟ್ಟಿಲೇರಿ 2022ರ ಡಿಸೆಂಬರಿನಲ್ಲಿ ಗೆದ್ದ ಮೇಲೆ.

ನಿಜವಾದ ಪ್ರಪಾತ ಇರುವುದು ಇದರಾಚೆ. ಮೇಲ್ಮನವಿಯ ದಾರಿಗಳೆಲ್ಲ ಮುಚ್ಚಿದ ಮೇಲೆ, ಮಕ್ಕಳಿಲ್ಲದ ವಯಸ್ಕರಿಗೆ ಇಪ್ಪತ್ತೊಂದು ದಿನಗಳಲ್ಲಿ ಮನೆಯೂ ಹಣವೂ ಎರಡೂ ನಿಲ್ಲುತ್ತವೆ. ದೇಶ ಬಿಡಲು ಸಿದ್ಧತೆ ಮಾಡಿಕೊಳ್ಳುತ್ತಿರುವವರು, ಕಾಯಿಲೆಯಿಂದ ಪ್ರಯಾಣ ಮಾಡಲಾಗದವರು ಮುಂತಾದ ಕೆಲವರಿಗೆ ಅದೇ ಕಾಯಿದೆಯ 4ನೆಯ ಸೆಕ್ಷನ್ನಿನ ಅಡಿಯಲ್ಲಿ ನೆರವು ಸಿಗಬಹುದಾದರೂ ಅದು ನಗದಾಗಿ ಕೈಗೆ ಬರುವುದಿಲ್ಲ. ಅಂಗಡಿಯಲ್ಲಿ ಉಜ್ಜುವ ಕಾರ್ಡಿನ ರೂಪದಲ್ಲಿರುತ್ತದೆ. ಹೀಗೆ ಎಲ್ಲವನ್ನೂ ಕಳೆದುಕೊಂಡವರು ಸ್ನೇಹಿತರ ಮನೆಯ ನೆಲದ ಮೇಲೆ, ರಾತ್ರಿಯಿಡೀ ಓಡುವ ಬಸ್ಸುಗಳಲ್ಲಿ ದಿನ ದೂಡುತ್ತಾರೆ. ಬೇಸತ್ತು ತಾವಾಗಿ ಹೊರಟುಹೋಗಲಿ ಎಂಬ ಲೆಕ್ಕಾಚಾರ ಈ ವ್ಯವಸ್ಥೆಯೊಳಗೇ ಇದೆ ಎಂದು ನಾನು ನಂಬುತ್ತೇನೆ. ಆದ್ದರಿಂದಲೇ ಗಡೀಪಾರಿನ ವಿರುದ್ಧದ ಹೋರಾಟವನ್ನು ಹಸಿವಿನ ವಿರುದ್ಧದ ಹೋರಾಟದಿಂದ ಬೇರ್ಪಡಿಸಿ ನೋಡಲು ನನಗೆ ಆಗುವುದಿಲ್ಲ. ಹೊಸ ಸಾಕ್ಷ್ಯ ಹುಡುಕಬೇಕಾದವರು, ವಕೀಲರನ್ನು ಕಾಣಬೇಕಾದವರು, ತಮಗಾದ ಹಿಂಸೆಯನ್ನು ವೈದ್ಯರ ಮುಂದೆ ನೆನಪಿಸಿಕೊಂಡು ಹೇಳಬೇಕಾದವರು ಮೊದಲು ಉಂಡಿರಬೇಕು, ನಿದ್ರೆ ಮಾಡಿರಬೇಕು.

ಪ್ರಶ್ನೆ: ನಮ್ಮ ಮೇಲಿನ ಮಹಡಿಯಲ್ಲಿರುವ ಕುಟುಂಬಕ್ಕೆ ಅರ್ಜಿ ತಿರಸ್ಕಾರವಾಗಿದೆ ಎಂಬ ಕಾಗದ ಬಂದಿದೆ. ಅವರ ಮಗಳು ನನ್ನ ಮಗನ ಸಹಪಾಠಿ. ಆ ತಾಯಿ ನನ್ನೊಬ್ಬಳಿಗೇ ವಿಷಯ ತಿಳಿಸಿದ್ದಾರೆ. ನೆರೆಯವರಾಗಿ ನಾವು ಮಾಡಬಹುದಾದದ್ದು ಏನಾದರೂ ಇದೆಯೇ? ಎಲ್ಲಿಂದ ಆರಂಭಿಸಬೇಕೆಂದೇ ತೋಚುತ್ತಿಲ್ಲ.
— ಗ್ಲಾಸ್ಗೋದಲ್ಲಿ ನೆಲೆಸಿರುವ ಓದುಗರು

ಉತ್ತರ: ಅವರನ್ನೇ ಕೇಳುವುದರಿಂದ ಆರಂಭಿಸಿ. ಆ ತಾಯಿ ನಿಮ್ಮೊಬ್ಬರಿಗೇ ಹೇಳಿದ್ದಾರೆ ಎಂಬುದನ್ನು ನೀವು ಎಚ್ಚರದಿಂದ ಬರೆದಿದ್ದೀರಿ. ಆ ಎಚ್ಚರ ಕೊನೆಯವರೆಗೂ ಇರಲಿ. ಹೋರಾಟ ಅವರದು, ನೀವು ಜೊತೆಗಾರರು. ಶಾಲೆಗೆ ತಿಳಿಸಬೇಕೇ, ಪಕ್ಕದ ಮನೆಯವರಿಗೆ ಹೇಳಬೇಕೇ, ಸಹಿ ಸಂಗ್ರಹಿಸಬೇಕೇ ಎಂಬ ಪ್ರತಿಯೊಂದನ್ನೂ ಅವರೇ ತೀರ್ಮಾನಿಸಬೇಕು. ಒಳ್ಳೆಯ ಮನಸ್ಸಿನ ಅವಸರದಿಂದ ಒಂದು ಕುಟುಂಬದ ಗುಟ್ಟು ಬೀದಿಗೆ ಬಿದ್ದರೆ ಮರಳಿ ತರಲಾಗುವುದಿಲ್ಲ.

ಎರಡನೆಯ ಮಾತು ಕಾಗದದ್ದು. ಬಂದಿರುವ ಪತ್ರದ ದಿನಾಂಕ ಯಾವುದು, ಅದು ಮೊದಲ ತಿರಸ್ಕಾರವೇ ಅಥವಾ ಮೇಲ್ಮನವಿಯ ನಂತರದ್ದೇ, ಎಷ್ಟು ದಿನಗಳೊಳಗೆ ಉತ್ತರಿಸಬೇಕು ಎಂಬುದನ್ನು ವಕೀಲರು ತಕ್ಷಣ ನೋಡಬೇಕು. ಮೊದಲ ತಿರಸ್ಕಾರವೇ ಆಗಿದ್ದರೆ ಎದೆಗುಂದಬೇಕಾಗಿಲ್ಲ: 2022ರಲ್ಲಿ ತೀರ್ಮಾನವಾದ ಆಶ್ರಯ ಮೇಲ್ಮನವಿಗಳಲ್ಲಿ ಸುಮಾರು ಅರ್ಧದಷ್ಟು ಅರ್ಜಿದಾರರ ಪರವಾಗಿಯೇ ಬಂದವು, ಅಂದರೆ ಗೃಹ ಇಲಾಖೆಯ ಮೊದಲ ತೀರ್ಮಾನ ಅಷ್ಟು ಬಾರಿ ನ್ಯಾಯಾಧೀಶರ ಮುಂದೆ ನಿಲ್ಲಲಿಲ್ಲ. ಎಲ್ಲ ಬಾಗಿಲು ಮುಚ್ಚಿದ ಮೇಲೂ ಹೊಸ ಸಾಕ್ಷ್ಯವಿದ್ದರೆ ಮತ್ತೆ ಮನವಿ ಸಲ್ಲಿಸಲು ವಲಸೆ ನಿಯಮಗಳಲ್ಲಿ ಅವಕಾಶವಿದೆ. ಆದರೆ ಈ ಸಲಹೆಯನ್ನು ನೀವು ಕೊಡಬೇಡಿ. ಬ್ರಿಟನ್ನಿನಲ್ಲಿ ನೋಂದಣಿಯಿಲ್ಲದೆ ವಲಸೆ ಸಂಬಂಧಿ ಕಾನೂನು ಸಲಹೆ ನೀಡುವುದು, ಉಚಿತವಾಗಿಯೇ ಆದರೂ, ಅಪರಾಧ. ವಕೀಲರನ್ನು ಹುಡುಕಲು, ಅವರ ಕಚೇರಿಗೆ ಜೊತೆಯಲ್ಲಿ ಹೋಗಲು, ಮಕ್ಕಳನ್ನು ಆ ಹೊತ್ತಿನಲ್ಲಿ ನೋಡಿಕೊಳ್ಳಲು ಯಾವ ನೋಂದಣಿಯೂ ಬೇಡ. ದಾರಿ ಹೇಗಿದೆಯೆಂದು ಸರಳವಾಗಿ ತಿಳಿಯಬೇಕಾದರೆ ‘ರೈಟ್ ಟು ರಿಮೇನ್’ ಸಂಸ್ಥೆಯ ಕೈಪಿಡಿಯನ್ನು ಅವರೊಂದಿಗೆ ಕುಳಿತು ಓದಿ; ಗಡೀಪಾರು ವಿರೋಧಿ ಹೋರಾಟಗಳ ರಾಷ್ಟ್ರೀಯ ಒಕ್ಕೂಟವಾಗಿ 1995ರಲ್ಲಿ ಹುಟ್ಟಿದ ಸಂಸ್ಥೆ ಅದು.

ಮೂರನೆಯದು ಕಾವಲು. ಆಶ್ರಯಾರ್ಥಿಗಳು ನಿಗದಿತ ದಿನಗಳಂದು ಗೃಹ ಇಲಾಖೆಯ ಕೇಂದ್ರಕ್ಕೆ ಹೋಗಿ ಹಾಜರಿ ಹಾಕಬೇಕು, ಮತ್ತು ಬಂಧನ ಅಲ್ಲಿಯೇ ನಡೆಯುವುದುಂಟು. ನಿಮ್ಮ ನಗರದಲ್ಲಿಯೇ 2006ರಲ್ಲಿ ಆರಂಭವಾದ ಯೂನಿಟಿ ಸೆಂಟರ್ ಇದಕ್ಕೊಂದು ಸರಳ ಉಪಾಯ ಕಂಡುಕೊಂಡಿತು: ಒಳಗೆ ಹೋಗುವವರು ಮೊದಲು ಸ್ವಯಂಸೇವಕರಿಗೆ ತಿಳಿಸಿ ಹೋಗುವುದು, ಹೊರಗೆ ಬಂದ ಮೇಲೆ ಮತ್ತೆ ತಿಳಿಸುವುದು, ಬಾರದಿದ್ದರೆ ಕೂಡಲೇ ವಕೀಲರಿಗೂ ಮನೆಯವರಿಗೂ ಸುದ್ದಿ ಮುಟ್ಟಿಸುವುದು. ಇದನ್ನು ನೀವೊಬ್ಬರೇ ಒಂದು ಫೋನಿನಿಂದ ಮಾಡಬಹುದು. ವಕೀಲರ ಸಂಖ್ಯೆ, ಪ್ರಕರಣದ ಸಂಖ್ಯೆ, ಮಕ್ಕಳನ್ನು ಶಾಲೆಯಿಂದ ಕರೆತರಬೇಕಾದವರು ಯಾರು, ದಿನನಿತ್ಯದ ಔಷಧಿ ಯಾವುದು ಎಂಬುದನ್ನು ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಳ್ಳಿ. ಬಂಧನದ ಮೊದಲ ಕೆಲವು ಗಂಟೆಗಳಲ್ಲಿ ಈ ಒಂದು ಹಾಳೆ ಮಾಡುವ ಕೆಲಸವನ್ನು ಮುಂದೆ ನೂರು ಪತ್ರಗಳೂ ಮಾಡಲಾರವು.

ನೀವಿರುವ ಊರಿಗೆ ಈ ವಿಷಯದಲ್ಲಿ ದೊಡ್ಡ ನೆನಪಿದೆ. 2000ದಿಂದ ಸರ್ಕಾರ ಆಶ್ರಯಾರ್ಥಿಗಳನ್ನು ಲಂಡನ್ನಿನಿಂದ ಹೊರಗೆ ಹಂಚತೊಡಗಿದಾಗ ಗ್ಲಾಸ್ಗೋದ ಬಹುಮಹಡಿ ಕಟ್ಟಡಗಳಿಗೆ ಸಾವಿರಾರು ಜನ ಬಂದರು. ನಸುಕಿನಲ್ಲಿ ಬಾಗಿಲು ಬಡಿದು ಕುಟುಂಬಗಳನ್ನು ಎತ್ತಿಕೊಂಡು ಹೋಗುವ ದಾಳಿಗಳು ಶುರುವಾದಾಗ, ಕಿಂಗ್ಸ್‌ವೇ ಎಂಬಲ್ಲಿನ ನಿವಾಸಿಗಳು, ಅವರಲ್ಲಿ ಅಜ್ಜಿಯಂದಿರೂ ಇದ್ದರು, ಸೂರ್ಯ ಹುಟ್ಟುವ ಮೊದಲೇ ಎದ್ದು ಗೃಹ ಇಲಾಖೆಯ ವ್ಯಾನುಗಳಿಗಾಗಿ ಕಾದು ನಿಂತು, ಅವು ಕಂಡೊಡನೆ ಮನೆಮನೆಗೆ ಎಚ್ಚರಿಕೆ ಕೊಡುತ್ತಿದ್ದರು. 2005ರಲ್ಲಿ ಡ್ರಮ್‌ಚಾಪೆಲ್ ಪ್ರೌಢಶಾಲೆಯ ಏಳು ಹುಡುಗಿಯರು, ಕೊಸೊವೊದಿಂದ ಬಂದಿದ್ದ ತಮ್ಮ ಗೆಳತಿಯ ಕುಟುಂಬವನ್ನು ಹೀಗೆ ಕೊಂಡೊಯ್ದಾಗ ಸಹಿ ಸಂಗ್ರಹಿಸಿದರು, ಸ್ಕಾಟ್ಲೆಂಡ್ ಸಂಸತ್ತಿನ ಬಾಗಿಲಿಗೆ ಹೋದರು, ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ, ಆಗಿನ ಫಸ್ಟ್ ಮಿನಿಸ್ಟರ್ ಜಾಕ್ ಮೆಕಾನೆಲ್ ಅವರನ್ನು ನೇರವಾಗಿ ಪ್ರಶ್ನಿಸಿದರು. ಆ ಗೆಳತಿ ಮರಳಿ ಬಂದಳು. ‘ಗ್ಲಾಸ್ಗೋ ಗರ್ಲ್ಸ್’ ಎಂದು ಹೆಸರಾದ ಅವರಲ್ಲಿ ಕೆಲವರು ಸ್ವತಃ ಆಶ್ರಯಾರ್ಥಿಗಳ ಮಕ್ಕಳಾಗಿದ್ದರು ಎಂಬುದನ್ನು ನಾನು ಆಗಾಗ ನೆನೆಯುತ್ತೇನೆ. ನಾಳೆ ತಮ್ಮ ಬಾಗಿಲನ್ನೇ ಬಡಿಯಬಹುದೆಂದು ಗೊತ್ತಿದ್ದೂ ಅವರು ಮುಂದೆ ಬಂದರು. ಮಕ್ಕಳನ್ನು ವಲಸೆ ಬಂಧನದಲ್ಲಿಡುವುದನ್ನು ಕೊನೆಗಾಣಿಸುವುದಾಗಿ ಬ್ರಿಟನ್ ಸರ್ಕಾರ 2010ರಲ್ಲಿ ಘೋಷಿಸಿದ್ದರ ಹಿಂದೆ ಇಂತಹ ಅನೇಕರ ವರ್ಷಗಳ ಶ್ರಮವಿತ್ತು.

ಹಾಗಾಗಿ ಕುಟುಂಬ ಒಪ್ಪಿದರೆ ಶಾಲೆಯ ಬಳಿ ಹೋಗಿ. ಬೆಂಬಲದ ಪತ್ರಗಳನ್ನು ಬರೆಯಿಸುವಾಗ ‘ಇವರು ಒಳ್ಳೆಯವರು’ ಎಂಬ ಹತ್ತು ಪತ್ರಗಳಿಗಿಂತ, ಎಷ್ಟು ವರ್ಷದಿಂದ ಪರಿಚಯ, ಮಗು ಯಾವ ತರಗತಿಯಲ್ಲಿ ಹೇಗೆ ಓದುತ್ತಿದೆ, ತಾಯಿ ಯಾವ ಕೆಲಸದಲ್ಲಿ ಕೈಜೋಡಿಸುತ್ತಾರೆ ಎಂದು ಕಣ್ಣಾರೆ ಕಂಡದ್ದನ್ನು ಹೇಳುವ ಒಂದೇ ಪತ್ರ ಹೆಚ್ಚು ಕೆಲಸ ಮಾಡುತ್ತದೆ. ಅದನ್ನು ವಕೀಲರ ಮೂಲಕವೇ ಕಳುಹಿಸಿ. ಆಶ್ರಯ ಮತ್ತು ವಲಸೆಯ ಅಧಿಕಾರ ಸ್ಕಾಟ್ಲೆಂಡ್ ಸಂಸತ್ತಿನದಲ್ಲ, ಲಂಡನ್ನಿನಲ್ಲಿರುವ ಬ್ರಿಟನ್ ಸಂಸತ್ತಾದ ವೆಸ್ಟ್‌ಮಿನ್‌ಸ್ಟರಿನದು. ಆದ್ದರಿಂದ ಕಾಣಬೇಕಾದವರು ಆ ಕುಟುಂಬ ವಾಸಿಸುವ ಕ್ಷೇತ್ರದ ವೆಸ್ಟ್‌ಮಿನ್‌ಸ್ಟರ್ ಸಂಸದರು. ಮತ ಹಾಕುವ ಹಕ್ಕಿಲ್ಲದವರ ಪರವಾಗಿಯೂ ಅವರು ಗೃಹ ಇಲಾಖೆಗೆ ಬರೆಯಬಲ್ಲರು, ಬರೆಯುತ್ತಾರೆ.

ಪ್ರಶ್ನೆ: ಪತ್ರಿಕೆಯಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ಕೊಟ್ಟರೆ ಒಳ್ಳೆಯದಲ್ಲವೇ? ಹೆಚ್ಚು ಜನರಿಗೆ ತಿಳಿದಷ್ಟೂ ಸರ್ಕಾರಕ್ಕೆ ಮುಜುಗರವಾಗುತ್ತದೆ.
— ಲೀಡ್ಸ್‌ನಿಂದ ಒಬ್ಬ ಓದುಗರು

ಉತ್ತರ: ಯಾವಾಗಲೂ ಅಲ್ಲ. ಬಿಟ್ಟುಬಂದ ದೇಶದ ಆಳುವವರ ಕಣ್ಣೂ ಅದೇ ಪತ್ರಿಕೆಯ ಮೇಲೆ ಬೀಳುತ್ತದೆ. ಅಲ್ಲಿ ಉಳಿದಿರುವ ಅಣ್ಣ, ತಾಯಿ, ಮಗಳು ಅದರ ಬೆಲೆ ತೆರಬೇಕಾಗಬಹುದು. ಲೈಂಗಿಕ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರು, ಸಲಿಂಗಪ್ರೇಮದ ಕಾರಣಕ್ಕೆ ಓಡಿಬಂದವರು ತಮ್ಮದೇ ಸಮುದಾಯದ ನಡುವೆ ಮುಖ ತೋರಿಸಲಾರದ ಸ್ಥಿತಿಗೆ ಬರಬಹುದು. ಜೊತೆಗೆ, ಪ್ರಚಾರಕ್ಕಾಗಿ ಹೇಳಿದ ಕಥೆಗೂ ಅರ್ಜಿಯಲ್ಲಿ ಬರೆದ ಹೇಳಿಕೆಗೂ ಒಂದು ದಿನಾಂಕ ವ್ಯತ್ಯಾಸವಾದರೆ ಅದನ್ನೇ ಹಿಡಿದು ‘ನಂಬಲರ್ಹರಲ್ಲ’ ಎನ್ನುವ ಅಪಾಯವಿದೆ. ಎಲ್ಲರೆದುರು ನಿಂತು ಗೆದ್ದವರೂ ಇದ್ದಾರೆ. ರೋಚ್‌ಡೇಲ್‌ನ ಅನ್ವರ್ ದಿತ್ತಾ ಆಶ್ರಯಾರ್ಥಿಯಾಗಿರಲಿಲ್ಲವಾದರೂ, ಪಾಕಿಸ್ತಾನದಲ್ಲಿದ್ದ ತಮ್ಮ ಮೂವರು ಮಕ್ಕಳು ತಮ್ಮವರೇ ಅಲ್ಲವೆಂದ ಸರ್ಕಾರದ ವಿರುದ್ಧ ವರ್ಷಗಟ್ಟಲೆ ಸಭೆಯಿಂದ ಸಭೆಗೆ ಹೋಗಿ ಮಾತನಾಡಿ, ಟೆಲಿವಿಷನ್ ಕಾರ್ಯಕ್ರಮವೊಂದು ನಡೆಸಿದ ರಕ್ತಪರೀಕ್ಷೆಯ ಬಲದಿಂದ 1981ರಲ್ಲಿ ಮಕ್ಕಳನ್ನು ಕರೆಸಿಕೊಂಡರು. ಆದರೆ ಆ ಮಾತು ಅವರದೇ ಆಗಿತ್ತು, ಆಡಲು ಒಪ್ಪಿದವರೂ ಅವರೇ. ವಕೀಲರನ್ನು ಕೇಳದೆ ಮುಖವನ್ನೂ ಹೆಸರನ್ನೂ ಹಾಕಬೇಡಿ. ಮಕ್ಕಳದನ್ನಂತೂ ಬೇಡವೇ ಬೇಡ.

ಪ್ರಶ್ನೆ: ನ್ಯಾಯಾಲಯವೇ ‘ಇರಲು ಹಕ್ಕಿಲ್ಲ’ ಎಂದ ಮೇಲೂ ಬೀದಿಗಿಳಿದು ತಡೆಯುವುದು ಕಾನೂನನ್ನು ಧಿಕ್ಕರಿಸಿದಂತಲ್ಲವೇ?
— ಒಬ್ಬ ಹಿರಿಯ ವಕೀಲರು

ಉತ್ತರ: ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕಲಾರೆ. ತಿರಸ್ಕೃತರಾದ ಪ್ರತಿಯೊಬ್ಬರೂ ಅಪಾಯದಲ್ಲಿದ್ದಾರೆ ಎಂದು ನಾನು ಹೇಳುವುದಿಲ್ಲ. ತೀರ್ಪು ಅವರ ವಿರುದ್ಧ ಬಂದದ್ದು ಸರಿಯೇ ಆಗಿರುವ ಪ್ರಕರಣಗಳೂ ಇರುತ್ತವೆ. ಆದರೆ ಹಿಂಸೆಯ ಭಯವಿರುವಲ್ಲಿಗೆ ಯಾರನ್ನೂ ಮರಳಿ ಅಟ್ಟಬಾರದೆಂಬ 1951ರ ನಿರಾಶ್ರಿತರ ಒಪ್ಪಂದದ 33ನೆಯ ವಿಧಿಯೂ ಕಾನೂನೇ. ಅದನ್ನು ಮೀರದಂತೆ ಸರ್ಕಾರವನ್ನು ಹಿಡಿದು ನಿಲ್ಲಿಸಿದ್ದು ಹಲವು ಬಾರಿ ಇಂತಹ ಚಳವಳಿಗಾರರೇ. ಆಶ್ರಯಾರ್ಥಿಗಳನ್ನು ರುವಾಂಡಾಕ್ಕೆ ಕಳುಹಿಸುವ ಯೋಜನೆ 2022ರಲ್ಲಿ ಬಂದಾಗ ಅದನ್ನು ಪ್ರಶ್ನಿಸಿದವರಲ್ಲಿ ಆಶ್ರಯಾರ್ಥಿಗಳ ಜೊತೆಗೆ ಸ್ವಯಂಸೇವಾ ಸಂಸ್ಥೆಗಳೂ, ಗಡಿ ಸಿಬ್ಬಂದಿಯನ್ನೂ ಒಳಗೊಂಡ ಸರ್ಕಾರಿ ನೌಕರರ ಸಂಘವೂ ಇದ್ದವು. ಆ ವರ್ಷದ ಜೂನ್ 14ರ ರಾತ್ರಿ ಮೊದಲ ವಿಮಾನ ಹಾರಲಿಲ್ಲ. ಯೋಜನೆ ಕಾನೂನುಬಾಹಿರವೆಂದು 2023ರ ನವೆಂಬರ್ 15ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ಆ ಹದಿನೇಳು ತಿಂಗಳು ಯಾರೂ ಅಡ್ಡ ನಿಲ್ಲದಿದ್ದರೆ ತೀರ್ಪು ಬರುವ ಹೊತ್ತಿಗೆ ವಿಮಾನಗಳು ಹೋಗಿಯಾಗಿರುತ್ತಿದ್ದವು.

ಬೀದಿಯ ಮಾತಿಗೆ ಬಂದರೆ, 2021ರ ಮೇ 13, ಈದ್ ಹಬ್ಬದ ದಿನ, ಗ್ಲಾಸ್ಗೋದ ಪೊಲಕ್‌ಶೀಲ್ಡ್ಸ್ ಪ್ರದೇಶದ ಕೆನ್‌ಮ್ಯೂರ್ ಬೀದಿಯಲ್ಲಿ ಇಬ್ಬರು ಭಾರತೀಯರನ್ನು ಹಿಡಿದು ವ್ಯಾನಿಗೆ ಹತ್ತಿಸಲಾಯಿತು. ಒಬ್ಬರು ವ್ಯಾನಿನ ಅಡಿಗೆ ನುಸುಳಿ ಮಲಗಿಬಿಟ್ಟರು. ನೆರೆಯವರು ಬಂದು ಸುತ್ತ ಕುಳಿತರು, ನೂರಾರು ಜನ ಸೇರಿದರು, ಸುಮಾರು ಎಂಟು ಗಂಟೆಗಳ ನಂತರ ಪೊಲೀಸರೇ ಆ ಇಬ್ಬರನ್ನೂ ಬಿಡುಗಡೆ ಮಾಡಿದರು. ಯಾರ ಮೇಲೂ ಕೈ ಮಾಡದೆ ಸುಮ್ಮನೆ ಕುಳಿತ ಜನ ಅವರು. ಅದೇ ಬಗೆಯ ಕೆಲಸಕ್ಕೆ ಕಠಿಣ ಬೆಲೆಯೂ ಉಂಟು: 2017ರಲ್ಲಿ ಸ್ಟ್ಯಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ ಗಡೀಪಾರಿನ ವಿಮಾನವನ್ನು ತಡೆದ ಹದಿನೈದು ಮಂದಿಯನ್ನು ಭಯೋತ್ಪಾದನೆಯನ್ನು ಗಮನದಲ್ಲಿಟ್ಟು ಮಾಡಿದ ವಿಮಾನಯಾನ ಭದ್ರತಾ ಕಾಯಿದೆಯಡಿ ತಪ್ಪಿತಸ್ಥರೆಂದು ತೀರ್ಮಾನಿಸಲಾಯಿತು; ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿದ್ದು 2021ರ ಜನವರಿಯಲ್ಲಿ.

ಸೋತ ಹೋರಾಟಗಳನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಶ್ರೀಲಂಕಾದ ವಿರಾಜ್ ಮೆಂಡಿಸ್ ಮ್ಯಾಂಚೆಸ್ಟರಿನ ಹ್ಯೂಮ್‌ನಲ್ಲಿರುವ ಚರ್ಚೊಂದರಲ್ಲಿ 1986ರ ಡಿಸೆಂಬರಿನಿಂದ ಎರಡು ವರ್ಷ ಆಶ್ರಯ ಪಡೆದಿದ್ದರು. ಹಗಲಿರುಳು ಬೆಂಬಲಿಗರ ಕಾವಲಿತ್ತು. 1989ರ ಜನವರಿಯಲ್ಲಿ ಪೊಲೀಸರು ಬಾಗಿಲು ಮುರಿದು ಒಳಹೊಕ್ಕು ಅವರನ್ನು ಬಂಧಿಸಿದರು, ಅವರ ಗಡೀಪಾರು ಆಯಿತು. 2018ರ ಜುಲೈಯಲ್ಲಿ ಗ್ಲಾಸ್ಗೋದಲ್ಲಿ ವಸತಿಯ ಗುತ್ತಿಗೆ ಹಿಡಿದಿದ್ದ ಸೆರ್ಕೊ ಕಂಪನಿಯು, ತಿರಸ್ಕೃತರಾದ ಸುಮಾರು ಮುನ್ನೂರು ಮಂದಿಯ ಮನೆಗಳ ಬೀಗ ಬದಲಿಸುವುದಾಗಿ ಹೇಳಿದಾಗ ಪ್ರತಿಭಟನೆಗಳು ನಡೆದವು, ಮೊಕದ್ದಮೆಗಳು ಹೂಡಲ್ಪಟ್ಟವು. 2019ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಉನ್ನತ ನ್ಯಾಯಾಲಯ ಕಂಪನಿಯ ಪರವಾಗಿಯೇ ತೀರ್ಪಿತ್ತಿತು. ಆದರೂ ಆ ನಡುವೆ ಬೀಗ ಬದಲಿಸುವ ಕೆಲಸವನ್ನು ಕೆಲಕಾಲ ತಡೆಹಿಡಿಯಬೇಕಾಯಿತು. ತಲೆಯ ಮೇಲೆ ಸೂರಿರುವ ಒಂದೊಂದು ವಾರವೂ ವಕೀಲರನ್ನು ಕಾಣಲು ಸಿಗುವ ಒಂದು ವಾರ ಎಂಬುದು ವಕೀಲರಾದ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ನಾನು ವಿದ್ಯಾರ್ಥಿ ವೀಸಾದ ಮೇಲೆ ಇಂಗ್ಲೆಂಡಿನಲ್ಲಿದ್ದೇನೆ. ಇಂತಹ ಗುಂಪಿನಲ್ಲಿ ಕೆಲಸ ಮಾಡಿದರೆ ನನಗೆ ತೊಂದರೆಯಾದೀತೇ?
— ಮ್ಯಾಂಚೆಸ್ಟರಿನಿಂದ ಒಬ್ಬ ವಿದ್ಯಾರ್ಥಿನಿ

ಉತ್ತರ: ಊಟ ಬಡಿಸುವುದು, ಇಂಗ್ಲಿಷ್ ಹೇಳಿಕೊಡುವುದು, ಅನುಮತಿಯಿರುವ ಮೆರವಣಿಗೆಯಲ್ಲಿ ಶಾಂತವಾಗಿ ನಡೆಯುವುದು ಅಪರಾಧವಲ್ಲ. ಆದರೆ ಬಂಧನ ಮತ್ತು ಶಿಕ್ಷೆ ವೀಸಾದ ಮೇಲಿರುವವರಿಗೆ ಅಲ್ಲಿನ ಪ್ರಜೆಗಳಿಗಿಂತ ಹೆಚ್ಚು ಹಾನಿ ಮಾಡಬಲ್ಲವು. ದಾರಿ ತಡೆಯುವಂತಹ ಕೆಲಸಗಳನ್ನು ಆ ಭಯವಿಲ್ಲದವರಿಗೆ ಬಿಡಿ, ಅದಕ್ಕಾಗಿ ನಾಚಬೇಕಾಗಿಲ್ಲ. ಸಂದೇಹ ಬಂದರೆ ನಿಮ್ಮ ವಿದ್ಯಾರ್ಥಿ ಸಂಘದ ಸಲಹೆಗಾರರನ್ನು ಮೊದಲೇ ಕೇಳಿ.

ಪ್ರಶ್ನೆ: ಸ್ಥಳೀಯರೇ ಮನೆಗಾಗಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದಾರೆ. ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲವೇ?
— ಬರ್ಮಿಂಗ್‌ಹ್ಯಾಮಿನಿಂದ ಒಬ್ಬ ಓದುಗರು

ಉತ್ತರ: ಮನೆಯಿಲ್ಲದ ಸಂಕಟದಲ್ಲಿ ಖಂಡಿತ ನ್ಯಾಯವಿದೆ. ಆಶ್ರಯಾರ್ಥಿಗಳನ್ನು ಹಂಚುವಾಗ ಸರ್ಕಾರ ಬಾಡಿಗೆ ಕಡಿಮೆಯಿರುವ, ಮೊದಲೇ ಬಡವಾಗಿರುವ ಪ್ರದೇಶಗಳನ್ನೇ ಹೆಚ್ಚಾಗಿ ಆರಿಸುತ್ತದೆ, ಮತ್ತು ಅಲ್ಲಿನವರನ್ನು ಕೇಳುವುದಿಲ್ಲ. ಆದರೆ ಆಶ್ರಯಾರ್ಥಿಗಳಿಗೆ ಕೌನ್ಸಿಲ್ ಮನೆಯ (ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆಯ) ಸರದಿಯಲ್ಲಿ ನಿಲ್ಲುವ ಹಕ್ಕೇ ಇಲ್ಲ. ಅವರ ವಸತಿ ಖಾಸಗಿ ಕಂಪನಿಗಳ ಗುತ್ತಿಗೆಯಿಂದ ಬರುತ್ತದೆ. ಅರ್ಜಿ ಅಂಗೀಕಾರವಾದ ಮೇಲೂ ಆ ವಸತಿಯನ್ನು ಬಿಡಲು ಬಹುಕಾಲ ಇದ್ದ ಗಡುವು ಕೇವಲ 28 ದಿನ, ಹಾಗಾಗಿ ನಿರಾಶ್ರಿತರೆಂದು ಮಾನ್ಯತೆ ಸಿಕ್ಕ ತಿಂಗಳಲ್ಲೇ ಬೀದಿಗೆ ಬಿದ್ದವರು ಅನೇಕರು.

ಸಿಟ್ಟು ಎಲ್ಲಿಗೆ ಮುಟ್ಟಬಲ್ಲದು ಎಂಬುದನ್ನು 2024ರ ಆಗಸ್ಟ್ 4ರಂದು ರಾದರ್‌ಹ್ಯಾಮ್ ಬಳಿ ಕಂಡೆವು. ಆಶ್ರಯಾರ್ಥಿಗಳನ್ನು ಇರಿಸಿದ್ದ ಹೋಟೆಲಿಗೆ, ಒಳಗೆ ಜನರಿದ್ದಾಗಲೇ, ಗಲಭೆಕೋರರು ಬೆಂಕಿ ಹಚ್ಚಲು ಯತ್ನಿಸಿದರು. ಮೂರು ದಿನಗಳ ನಂತರ, ವಲಸೆ ವಕೀಲರ ಕಚೇರಿಗಳ ಮೇಲೆ ದಾಳಿಯಾಗಲಿದೆ ಎಂಬ ಸುದ್ದಿ ಹರಡಿದ ಸಂಜೆ, ಲಂಡನ್ನಿನ ವಾಲ್ಥಮ್‌ಸ್ಟೋ ಮತ್ತು ಇತರ ಊರುಗಳಲ್ಲಿ ಅಂತಹ ದಾಳಿಯನ್ನು ವಿರೋಧಿಸಿ ಸಾವಿರಾರು ಜನ ಬಂದು ಬೀದಿ ತುಂಬಿ ನಿಂತರು. ಅವರಲ್ಲಿಯೂ ಬಾಡಿಗೆ ಕಟ್ಟಲು ಪರದಾಡುವವರು ಇದ್ದೇ ಇದ್ದರು. ಬಡವರ ಪ್ರದೇಶದಲ್ಲಿ ಕೆಲಸ ಮಾಡುವ ಗುಂಪುಗಳು ಊಟದ ಮೇಜನ್ನು ಆಶ್ರಯಾರ್ಥಿಗಳಿಗೆಂದು ಬೇರೆಯಾಗಿ ಹಾಕದೆ ಎಲ್ಲರಿಗೂ ಒಂದೇ ಹಾಕಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಪ್ರಶ್ನೆ: ಹಳೆಯ ಬಟ್ಟೆ, ಪಾತ್ರೆಗಳನ್ನು ಕೊಡಬಹುದೇ? ಅಥವಾ ಹಣವೇ ಮೇಲೇ?
— ಲಂಡನ್ನಿನಿಂದ ಒಂದು ಕುಟುಂಬ

ಉತ್ತರ: ಕೇಳಿ ಕೊಡಿ, ಆದರೆ ಸಾಧ್ಯವಾದರೆ ಹಣವೇ ಮೇಲು. 2000ದಲ್ಲಿ ಸರ್ಕಾರ ನಗದಿನ ಬದಲು ಕೂಪನ್ನುಗಳನ್ನು ಕೊಟ್ಟು, ಅಂಗಡಿಗಳು ಉಳಿದ ಚಿಲ್ಲರೆಯನ್ನು ಹಿಂದಿರುಗಿಸಬಾರದೆಂದು ನಿಯಮ ಮಾಡಿತ್ತು. ಕಾರ್ಮಿಕ ನಾಯಕ ಬಿಲ್ ಮಾರಿಸ್ ಮೊದಲಾದವರ ಹೋರಾಟದಿಂದ ಅದು ಎರಡೇ ವರ್ಷದಲ್ಲಿ ಬಿದ್ದುಹೋಯಿತು. ಮುಂದೆ ತಿರಸ್ಕೃತರಿಗೆ ಅಂಗಡಿಯಲ್ಲಿ ಮಾತ್ರ ನಡೆಯುವ ಕಾರ್ಡು ಬಂದಾಗ ಹಲವು ಊರುಗಳ ಜನ ಒಂದು ದಾರಿ ಹುಡುಕಿಕೊಂಡರು: ಆಶ್ರಯಾರ್ಥಿ ತನ್ನ ಕಾರ್ಡಿನಿಂದ ಸ್ನೇಹಿತರ ಮನೆಯ ದಿನಸಿ ಕೊಳ್ಳುವುದು, ಸ್ನೇಹಿತರು ಅಷ್ಟೇ ಹಣವನ್ನು ಅವರ ಕೈಗೆ ಕೊಡುವುದು. ಆ ನಾಣ್ಯಗಳು ಹೋದದ್ದು ಹೆಚ್ಚಾಗಿ ಬಸ್ಸಿಗೆ, ವಕೀಲರ ಕಚೇರಿಗೂ ಹಾಜರಿ ಕೇಂದ್ರಕ್ಕೂ. ನಿಮ್ಮ ಬಳಿ ಬಳಕೆಯಿಲ್ಲದ ಕೋಣೆಯಿದ್ದರೆ ಅದರ ಬಗ್ಗೆಯೂ ಯೋಚಿಸಿ. ನೆಲೆಯಿಲ್ಲದ ಆಶ್ರಯಾರ್ಥಿಗಳಿಗೆ ವಸತಿ ಒದಗಿಸುವ ‘ನ್ಯಾಕಾಮ್’ ಜಾಲದ ಸ್ಥಳೀಯ ಸಂಸ್ಥೆಗಳು ಬಾಡಿಗೆಯಿಲ್ಲದೆ ಅತಿಥಿಯಾಗಿ ಇರಿಸಿಕೊಳ್ಳುವ ಕುಟುಂಬಗಳನ್ನು ಹುಡುಕುತ್ತಿರುತ್ತವೆ, ತರಬೇತಿ ಕೊಡುತ್ತವೆ, ಎಷ್ಟು ದಿನ ಎಂಬುದನ್ನು ಮೊದಲೇ ಎರಡೂ ಕಡೆಯವರೊಂದಿಗೆ ಗೊತ್ತುಮಾಡುತ್ತವೆ. ಬರುವವರಿಗೆ ಬಾಗಿಲಿನ ಕೀಲಿಯನ್ನು ಮೊದಲ ದಿನವೇ ಕೊಟ್ಟುಬಿಡಿ.